ತೀರಿಸಲಾಗದ ಸಾಲಕ್ಕೆ ಮುನ್ನೂರು ಕಿಲೋಮೀಟರ್

“ಅಲ್ಲ ಕಣೇ, ದುಡ್ಡು ಕೊಡೋದಾದ್ರೆ ಸುಮ್ನೆ ಕೊಡು. ಅದಕ್ಕೆ ಸೈಕಲ್ ಯಾಕೆ ತುಳೀಬೇಕು? ನೀನು ತುಳಿದ್ರೆ ಯಾರದೋ ಕ್ಯಾನ್ಸರ್ ಹೋಗುತ್ತಾ?”

ತಿಪಟೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಇದನ್ನೇ ಆಫೀಸಿನವರು ನಯವಾಗಿ, ಕನ್ನಡ ಕೂಟದ ಗೆಳತಿಯರು ನಗುತ್ತಾ, ನನ್ನ ಮಂಡಿ ನೋಡಿದ ಡಾಕ್ಟರು ಹುಬ್ಬೇರಿಸಿ ಕೇಳಿದ್ದಾರೆ. ನಾನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ವಯಸ್ಸು ಐವತ್ತರ ಹತ್ತಿರ. ಹೈಸ್ಕೂಲಿನ ದಿನಗಳಲ್ಲಿ ಅಣ್ಣನ ಅಟ್ಲಾಸ್ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ತುಳಿದಿದ್ದು ಬಿಟ್ಟರೆ ನನಗೂ ಸೈಕಲ್ಲಿಗೂ ನಂಟಿರಲಿಲ್ಲ. ಅಂಥವಳು ಈಗ ಆಗಸ್ಟ್ ತಿಂಗಳ ಮೊದಲ ವಾರಾಂತ್ಯದಲ್ಲಿ ‘ಪ್ಯಾನ್ ಮಾಸ್ ಚಾಲೆಂಜ್’ ಎಂಬ ಸೈಕಲ್ ಯಾತ್ರೆಗೆ ಹೋಗುತ್ತೇನೆ. ಎರಡು ದಿನಕ್ಕೆ ಸುಮಾರು 300 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ನಮ್ಮೂರು ತಿಪಟೂರು ದಾಟಿ ಶಿವಮೊಗ್ಗ ಮುಟ್ಟುವಷ್ಟು ದೂರ. ಹಾಗಂತ ಹೇಳಿದಾಗ ಅಮ್ಮ, “ಆ ಊರಲ್ಲಿ ಬಸ್ಸಿಲ್ವಾ?” ಅಂದಳು.

ನಗು ಬಂತು. ಆದರೆ ಅಮ್ಮನ ಮೊದಲ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೆ ಸರಿಯಾದ ಉತ್ತರ ನನಗೇ ಹೊಳೆಯಲು ಬಹಳ ಕಾಲ ಹಿಡಿಯಿತು.

ತಾಯಿಯ ಹೆಸರಲ್ಲಿ ಹೊರಟವನು

ಈ ಯಾತ್ರೆಯ ಹಿಂದೆಯೂ ಒಬ್ಬ ತಾಯಿ ಇದ್ದಾರೆ. ಬಿಲ್ಲಿ ಸ್ಟಾರ್ ಎಂಬಾತನ ತಾಯಿ 1974ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು. ಆರು ವರ್ಷದ ನಂತರ, 1980ರಲ್ಲಿ, ಮಗ ಒಂದಷ್ಟು ಜನರನ್ನು ಒಟ್ಟುಮಾಡಿ ಸ್ಪ್ರಿಂಗ್‌ಫೀಲ್ಡ್ ನಗರದಿಂದ ರಾಜ್ಯದ ಪೂರ್ವ ತುದಿಯ ಪ್ರಾವಿನ್ಸ್‌ಟೌನ್ ತನಕ ಸೈಕಲ್ ತುಳಿಯುವ ಯೋಜನೆ ಹಾಕಿದ. ಬಂದವರು 36 ಜನ, ಕೂಡಿದ ಹಣ 10,200 ಡಾಲರ್. ಅದು ಬೋಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಬೆನ್ನಿಗಿರುವ ‘ಜಿಮ್ಮಿ ಫಂಡ್’ ಎಂಬ ನಿಧಿಗೆ ಹೋಯಿತು.

ಈಗ ಪ್ರತಿವರ್ಷ ಆರು ಸಾವಿರಕ್ಕೂ ಹೆಚ್ಚು ಜನ ತುಳಿಯುತ್ತಾರೆ. 2024ರ ಒಂದೇ ಯಾತ್ರೆಯಲ್ಲಿ 7.5 ಕೋಟಿ ಡಾಲರ್ ಕೂಡಿತು, ಆರಂಭದಿಂದ ಕೂಡಿದ ಒಟ್ಟು ಮೊತ್ತ ಅದೇ ವರ್ಷ ನೂರು ಕೋಟಿ ಡಾಲರ್ ದಾಟಿತು. ಸವಾರರು ತಂದ ಹಣದಲ್ಲಿ ಒಂದು ಪೈಸೆಯನ್ನೂ ಸಂಘಟಕರು ಖರ್ಚಿಗೆಂದು ಮುರಿದುಕೊಳ್ಳುವುದಿಲ್ಲ. ಊಟ, ನೀರು, ರಿಪೇರಿ, ಆಂಬ್ಯುಲೆನ್ಸು ಇವಕ್ಕೆಲ್ಲ ಪ್ರಾಯೋಜಕರ ಹಣ ಮತ್ತು ನೋಂದಣಿ ಶುಲ್ಕವಿದೆ. ನಿಯಮ ಮಾತ್ರ ಕಟ್ಟುನಿಟ್ಟು. ಹೆಸರು ನೋಂದಾಯಿಸುವಾಗಲೇ ಇಂತಿಷ್ಟು ಸಾವಿರ ಡಾಲರ್ ಕೂಡಿಸುತ್ತೇನೆಂದು ಒಪ್ಪಿ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡಬೇಕು. ಕಡಿಮೆ ಬಿದ್ದರೆ ಉಳಿದದ್ದನ್ನು ಆ ಕಾರ್ಡಿನಿಂದಲೇ ವಸೂಲು ಮಾಡುತ್ತಾರೆ.

ಇಲ್ಲಿಗೆ ಬರುವ ಹೆಚ್ಚಿನವರ ಹಿಂದೆ ಒಂದು ಸಾವಿದೆ. ತಂದೆ, ಹೆಂಡತಿ, ಮಗಳು, ಕಾಲೇಜಿನ ರೂಮ್‌ಮೇಟ್. ನನ್ನ ಕಾರಣ ಅದಲ್ಲ. ನಮ್ಮ ಮನೆಯ ಹುಡುಗ ಬದುಕಿದ.

ಹಳದಿ ಮಾತ್ರೆಯ ವಂಶಾವಳಿ

ನನ್ನ ತಂಗಿಯ ಮಗನಿಗೆ ಆಗ ಐದು ವರ್ಷ. ಬಿಟ್ಟು ಬಿಟ್ಟು ಬರುವ ಜ್ವರ, ಬಿಳಿಚಿಕೊಂಡ ಮುಖ, ಎಲ್ಲೂ ಬೀಳದೆಯೂ ಕಾಲಿನ ಮೇಲೆ ನೀಲಿ ಕಲೆಗಳು. ರಕ್ತ ಪರೀಕ್ಷೆಯಾಯಿತು, ಬೋನ್ ಮ್ಯಾರೋ ಪರೀಕ್ಷೆಯಾಯಿತು. ಮಕ್ಕಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ರಕ್ತದ ಕ್ಯಾನ್ಸರ್, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ತಂಗಿ ಮತ್ತು ಅವಳ ಗಂಡ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದರು. ನಾನು ಇಲ್ಲಿ. ಅವರಿಗೆ ಬೆಳಗಾಗುವ ಹೊತ್ತಿಗೆ ನನಗೆ ರಾತ್ರಿ, ಹಾಗಾಗಿ ಅವನ ಪ್ಲೇಟ್‌ಲೆಟ್ ಎಷ್ಟಿದೆ ಎಂದು ಕೇಳದೆ ನಾನು ಮಲಗಿದ್ದೇ ಇಲ್ಲ.

ಮೊದಲ ತಿಂಗಳುಗಳ ಬಿರುಸಿನ ಕೀಮೊ ಮುಗಿದ ಮೇಲೆ ಎರಡು ವರ್ಷಕ್ಕೂ ಮಿಕ್ಕಿ ಮನೆಯಲ್ಲೇ ಮಾತ್ರೆ. ದಿನಾ ರಾತ್ರಿ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಈ ಎರಡನೆಯದು ಹಳದಿ ಬಣ್ಣದ ಪುಟ್ಟ ಮಾತ್ರೆ. ಸಂಧಿವಾತ ಇರುವವರ ಮನೆಗಳಲ್ಲಿ ಬಹಳ ಜನ ಇದನ್ನು ನೋಡಿರುತ್ತೀರಿ. ನಮ್ಮಲ್ಲಿ ಒಂದು ಮಾತ್ರೆಗೆ ಕೆಲವೇ ರೂಪಾಯಿ. ಇಷ್ಟು ಅಗ್ಗದ ಮಾತ್ರೆ ಹುಡುಗನನ್ನು ಉಳಿಸುತ್ತಿದೆಯಲ್ಲ, ಇದನ್ನು ಕಂಡುಹಿಡಿದವರು ಯಾರು ಎಂಬ ಕುತೂಹಲ ಹುಟ್ಟಿತು. ಹುಡುಕಿದರೆ ಉತ್ತರ ನನ್ನ ಮನೆಯಿಂದ ಒಂದು ಗಂಟೆಯ ಹಾದಿಯಲ್ಲೇ ಇತ್ತು.

1947ರಲ್ಲಿ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಆಗ ಲ್ಯುಕೇಮಿಯ ಬಂದ ಮಗು ಸಾಮಾನ್ಯವಾಗಿ ಕೆಲವೇ ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಫೋಲಿಕ್ ಆಸಿಡ್ ಬಗೆಯ ಪದಾರ್ಥಗಳನ್ನು ಕೊಟ್ಟರೆ ಕಾಯಿಲೆ ಇಳಿಯುವ ಬದಲು ಹೆಚ್ಚುತ್ತದೆ ಎಂಬುದನ್ನು ಅವರು ಗಮನಿಸಿದರು. ಹಾಗಿದ್ದರೆ ಫೋಲಿಕ್ ಆಸಿಡ್ಡಿನ ಕೆಲಸವನ್ನು ತಡೆಯುವ ಪದಾರ್ಥ ಕೊಟ್ಟರೆ? ಅಂಥ ಪದಾರ್ಥ ಬಂದಿದ್ದು ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಬೋಸ್ಟನ್ನಿಗೆ ಬಂದಿಳಿದದ್ದು 1920ರ ದಶಕದ ಆರಂಭದಲ್ಲಿ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡಿದವರು. ಹಾರ್ವರ್ಡ್‌ನಲ್ಲಿ ದೊಡ್ಡ ಕೆಲಸ ಮಾಡಿದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಊರಿನಲ್ಲಿದ್ದಾಗಲೇ ಅವರು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಒಡಹುಟ್ಟಿದವರಿಬ್ಬರನ್ನು ಕಳೆದುಕೊಂಡಿದ್ದರು. ಆ ಕಾಯಿಲೆಗೆ ಮದ್ದಾಗುವ ಫೋಲಿಕ್ ಆಸಿಡ್ ಅನ್ನು ತಯಾರಿಸುವ ಕೆಲಸ ಮುಂದೆ ಅವರ ತಂಡದಲ್ಲೇ ನಡೆಯಿತು. ಅದರ ಹಿಂದಿನ ಎಳೆ ಹಿಡಿದು ಹೋದರೆ ಮುಂಬೈ ಸಿಗುತ್ತದೆ. 1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಾಸ ಮಾಡುವಾಗ ಯೀಸ್ಟಿನ ಸಾರದಲ್ಲಿ ಏನೋ ಒಂದು ಗುಣವಿದೆ ಎಂದು ಕಂಡುಕೊಂಡಿದ್ದರು. ಅದೇ ಫೋಲಿಕ್ ಆಸಿಡ್.

1948ರ ಜೂನ್‌ನಲ್ಲಿ ಫಾರ್ಬರ್ ತಮ್ಮ ಫಲಿತಾಂಶ ಪ್ರಕಟಿಸಿದರು. ಅಮಿನಾಪ್ಟೆರಿನ್ ಎಂಬ ಆ ಔಷಧ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಆ ಚೇತರಿಕೆ ತಾತ್ಕಾಲಿಕವೆಂದು ಪ್ರಬಂಧದ ಶೀರ್ಷಿಕೆಯೇ ಹೇಳುತ್ತದೆ. ಕಾಯಿಲೆ ಮರಳಿತು. ಆದರೂ ಮದ್ದೇ ಇಲ್ಲವೆಂದುಕೊಂಡಿದ್ದ ಕ್ಯಾನ್ಸರನ್ನು ಒಂದು ರಾಸಾಯನಿಕ ಹಿಮ್ಮೆಟ್ಟಿಸಬಲ್ಲದು ಎಂಬುದು ಖಚಿತವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ 53ನೇ ವಯಸ್ಸಿಗೆ ತೀರಿಕೊಂಡರು. ಅಮಿನಾಪ್ಟೆರಿನ್‌ನ ಒಡಹುಟ್ಟಿನಂಥ ಔಷಧವೇ ನಮ್ಮ ಹುಡುಗನ ಹಳದಿ ಮಾತ್ರೆ.

ದಿನಾ ರಾತ್ರಿಯ ಇನ್ನೊಂದು ಮಾತ್ರೆಗೂ ಇಂಥದೇ ಕಥೆಯಿದೆ. ಹದಿನೈದು ವರ್ಷದ ಹುಡುಗಿಯಾಗಿದ್ದಾಗ ಗರ್ಟ್ರೂಡ್ ಎಲಿಯನ್ ತನ್ನ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಕಂಡಳು, ವಿಜ್ಞಾನ ಓದುವ ತೀರ್ಮಾನ ಮಾಡಿದಳು. ಹೆಣ್ಣೆಂಬ ಕಾರಣಕ್ಕೆ ಆರಂಭದಲ್ಲಿ ಪ್ರಯೋಗಾಲಯಗಳು ಕೆಲಸ ಕೊಡಲಿಲ್ಲ. ಪಿಎಚ್.ಡಿ. ಮುಗಿಸಲಾಗಲಿಲ್ಲ. ಆಕೆ ಜಾರ್ಜ್ ಹಿಚಿಂಗ್ಸ್ ಜೊತೆ ಸೇರಿ ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 1988ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಸ್ಪತ್ರೆಯಲ್ಲಿ ಅವನ ರಕ್ತನಾಳಕ್ಕೆ ಕೊಟ್ಟ ವಿನ್‌ಕ್ರಿಸ್ಟಿನ್ ಇನ್ನೂ ಹತ್ತಿರದ್ದು. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ತೆಗೆಯುವ ಔಷಧ ಅದು. ಈ ಮದ್ದುಗಳನ್ನು ಒಂದೊಂದಾಗಿ ಕೊಡುವ ಬದಲು ಒಟ್ಟಿಗೆ ಕೊಟ್ಟರೆ ಕಾಯಿಲೆ ಬುಡಸಮೇತ ಹೋಗಬಹುದೆಂದು 1960ರ ದಶಕದ ವೈದ್ಯರು ತೋರಿಸಿದರು. ಇಂದು ಮುಂದುವರಿದ ದೇಶಗಳಲ್ಲಿ ಈ ಕ್ಯಾನ್ಸರ್ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

ಇಷ್ಟನ್ನೂ ಓದಿದ ಮೇಲೆ ನನಗೆ ಮೊದಲು ಕಾಡಿದ್ದು 1948ರ ಆ ಹದಿನಾರು ಮಕ್ಕಳು. ಅವರ ಮನೆಯವರಿಗೆ ಸಿಕ್ಕಿದ್ದು ಕೆಲವು ತಿಂಗಳು. ನನ್ನ ತಂಗಿಗೆ ಸಿಕ್ಕಿದ್ದು ಮಗ. ಅವರ ನಷ್ಟದಿಂದ ಕಲಿತದ್ದರ ಲಾಭ ನಮ್ಮ ಮನೆಗೆ ಬಂದಿದೆ. ಇದು ಸಾಲ. ಕೊಟ್ಟವರು ಈಗ ಇಲ್ಲ, ಅವರಿಗೆ ಮರಳಿಸುವ ದಾರಿಯೂ ಇಲ್ಲ.

ಬೇಡುವ ಕಲೆ

ಫಾರ್ಬರ್‌ಗೆ ಇನ್ನೊಂದು ತಿಳಿವಳಿಕೆಯೂ ಇತ್ತು. ಸಂಶೋಧನೆಗೆ ಹಣ ಬೇಕು, ಹಣ ಬರಬೇಕಾದರೆ ಜನ ಒಂದು ಮುಖವನ್ನು ಕಾಣಬೇಕು. 1948ರ ಮೇ ತಿಂಗಳಲ್ಲಿ ಅವರ ರೋಗಿಯಾಗಿದ್ದ ಹನ್ನೆರಡು ವರ್ಷದ ಹುಡುಗನ ಹಾಸಿಗೆಯ ಪಕ್ಕದಿಂದ ಒಂದು ರೇಡಿಯೊ ಕಾರ್ಯಕ್ರಮ ದೇಶಕ್ಕೆಲ್ಲ ಪ್ರಸಾರವಾಯಿತು. ಗುರುತು ಬಿಟ್ಟುಕೊಡದೆ ಹುಡುಗನನ್ನು ‘ಜಿಮ್ಮಿ’ ಎಂದು ಕರೆದರು. ಅವನ ಮೆಚ್ಚಿನ ಬೋಸ್ಟನ್ ಬ್ರೇವ್ಸ್ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬೊಬ್ಬರಾಗಿ ಕೋಣೆಗೆ ಬಂದರು. ಆಟ ನೋಡಲು ಜಿಮ್ಮಿಗೆ ಒಂದು ಟಿವಿ ಬೇಕು, ಹಣ ಕಳಿಸಿ ಎಂದು ಕೇಳುಗರಿಗೆ ಮನವಿ ಹೋಯಿತು. ಎರಡು ಲಕ್ಷ ಡಾಲರಿಗೂ ಮಿಕ್ಕಿ ಹಣ ಬಂತು. ಜಿಮ್ಮಿ ಫಂಡ್ ಹುಟ್ಟಿದ್ದು ಹಾಗೆ. ಆ ಹುಡುಗ ಸತ್ತಿರಬೇಕೆಂದೇ ಎಲ್ಲರೂ ನಂಬಿದ್ದರು. ಐವತ್ತು ವರ್ಷದ ನಂತರ, 1998ರಲ್ಲಿ, ಮೇಯ್ನ್ ರಾಜ್ಯದ ಐನಾರ್ ಗುಸ್ಟಾಫ್‌ಸನ್ ಎಂಬ ಟ್ರಕ್ ಚಾಲಕ ತಾನೇ ಆ ಜಿಮ್ಮಿ ಎಂದು ಜಗತ್ತಿಗೆ ಕಾಣಿಸಿಕೊಂಡ.

ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನನ್ನ ಸಂಬಳದಲ್ಲಿ ನಾನು ಕೊಡಬಹುದಾದ್ದು ಒಂದಿಷ್ಟೇ. ಸೈಕಲ್ ತುಳಿಯುತ್ತೇನೆಂದು ಘೋಷಿಸಿದ ತಕ್ಷಣ ನನಗೆ ನೂರು ಜನರನ್ನು ಕೇಳುವ ಹಕ್ಕು ಬರುತ್ತದೆ. ಬಾಯಿಬಿಟ್ಟು ದುಡ್ಡು ಕೇಳುವುದೆಂದರೆ ನನ್ನಂಥವರಿಗೆ ಜೀವ ಹಿಡಿಯಾಗುತ್ತದೆ. ಏರು ರಸ್ತೆಯಲ್ಲಿ ಸೈಕಲ್ ತುಳಿಯುವುದು ಅದಕ್ಕಿಂತ ಸುಲಭ. ಆದರೆ ತುಮಕೂರು ಸೀಮೆಯಲ್ಲಿ ಬೆಳೆದವಳು ಬೇಡುವುದಕ್ಕೆ ನಾಚುವುದರಲ್ಲಿ ಅರ್ಥವಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ಸುತ್ತಿ ದವಸಧಾನ್ಯ ಕೂಡಿಸಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದನ್ನು ನೋಡಿದ ಊರು ನಮ್ಮದು.

ಕೇಳಲು ಹೋದಾಗ ನನಗೆ ಸಿಕ್ಕಿದ್ದು ಹಣ ಮಾತ್ರವಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಬೋಂಡ, ಕಾಫಿ ಮಾರಿ ಒಂದಿಷ್ಟು ಕೂಡಿಸಿದೆವು. ವರ್ಷಗಟ್ಟಲೆ ಪರಿಚಯವಿದ್ದ ಹಿರಿಯ ಮಹಿಳೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತಮಗೆ ಸ್ತನದ ಆಪರೇಷನ್ ಆಗಿದೆ, ಸೊಸೆಗೂ ಹೇಳಿಲ್ಲ ಎಂದರು. ಚೆಕ್ ಕೈಗಿಟ್ಟು, “ಹೆಸರು ಹಾಕ್ಬೇಡಮ್ಮ” ಎಂದರು. ಆಫೀಸಿನಲ್ಲಿ ಎಂದೂ ಕೆಲಸ ಬಿಟ್ಟು ಬೇರೆ ಮಾತಾಡದ ಮ್ಯಾನೇಜರ್ ತನ್ನ ತಮ್ಮನ ಬಗ್ಗೆ ಹೇಳಿಕೊಂಡ. ನಮ್ಮ ಮನೆಗಳಲ್ಲಿ ಈ ಕಾಯಿಲೆಯನ್ನು ಬಾಗಿಲು ಹಾಕಿಕೊಂಡು ಅನುಭವಿಸುತ್ತೇವೆ. ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದರಂತೂ ಕೇಳುವುದೇ ಬೇಡ. ಸುಮ್ಮನೆ ಬ್ಯಾಂಕಿನಿಂದ ಹಣ ಕಳಿಸಿದ್ದರೆ ಈ ಬಾಗಿಲುಗಳು ತೆರೆಯುತ್ತಿರಲಿಲ್ಲ.

ಉಳಿದರ್ಧ ಉತ್ತರವನ್ನು ಅಮ್ಮನೇ ಕಂಡುಕೊಂಡಳು. ನನ್ನ ಕಾಲುನೋವು, ಅಭ್ಯಾಸ, ಬೆಳಗಿನ ಜಾವದ ಏಳುವಿಕೆ ಎಲ್ಲ ಕೇಳಿಸಿಕೊಂಡು ಒಂದು ದಿನ, “ಅಂದ್ರೆ ಇದು ಹರಕೆ ಅನ್ನು” ಎಂದಳು. ಮಹದೇಶ್ವರ ಬೆಟ್ಟಕ್ಕೆ, ಧರ್ಮಸ್ಥಳಕ್ಕೆ ನಡೆದು ಹೋಗುವವರು ಬಸ್ಸಿಗೆ ದುಡ್ಡಿಲ್ಲದೆ ನಡೆಯುವುದಿಲ್ಲ. ಕಾಪಾಡಿದ್ದಕ್ಕೆ ಮೈಯನ್ನೂ ಒಪ್ಪಿಸಬೇಕು ಎಂಬ ಭಾವ ಅದು. ಅಲ್ಲಿಂದ ಮುಂದೆ ಅಮ್ಮ ಬಸ್ಸಿನ ಮಾತೆತ್ತಲಿಲ್ಲ. “ಮಂಡಿಗೆ ಎಳ್ಳೆಣ್ಣೆ ಹಚ್ಚು” ಅನ್ನತೊಡಗಿದಳು.

ಸ್ಟರ್‌ಬ್ರಿಜ್‌ನಿಂದ ಸಮುದ್ರದವರೆಗೆ

ಶನಿವಾರ ನಸುಕಿನಲ್ಲಿ ಸ್ಟರ್‌ಬ್ರಿಜ್ ಪಟ್ಟಣದಿಂದ ಹೊರಡುತ್ತೇವೆ. ಮೊದಲ ದಿನ ಸುಮಾರು 110 ಮೈಲಿ. ಬೆಳಗಿನ ಹೊತ್ತಿನಲ್ಲೇ ಏರಿಳಿತದ ರಸ್ತೆ ತೊಡೆಯ ಶಕ್ತಿಯನ್ನೆಲ್ಲ ಹೀರುತ್ತದೆ. ಆಗಸ್ಟ್ ತಿಂಗಳ ಸೆಕೆ ಮಂಗಳೂರಿನವರಿಗೆ ಹೊಸದಲ್ಲ, ಬಯಲುಸೀಮೆಯ ನನಗೆ ಕಷ್ಟ. ರಸ್ತೆಯುದ್ದಕ್ಕೂ ಮನೆಗಳ ಮುಂದೆ ಜನ ಕುರ್ಚಿ ಹಾಕಿಕೊಂಡು ಕೂತು ಗಂಟೆ ಬಾರಿಸುತ್ತಾರೆ, ಮಕ್ಕಳು ನೀರಿನ ಪೈಪ್ ಹಿಡಿದು ಮೈಗೆ ಚಿಮುಕಿಸುತ್ತಾರೆ. ತಂಗುವ ಕಡೆ ಬಾಳೆಹಣ್ಣು, ಉಪ್ಪಿನಕಾಯಿಯ ರಸ. ಹೌದು, ಸೌತೆಕಾಯಿಯ ಉಪ್ಪಿನಕಾಯಿ ರಸವನ್ನೇ ಇಲ್ಲಿ ಸ್ನಾಯು ಹಿಡಿತಕ್ಕೆಂದು ಕುಡಿಯುತ್ತಾರೆ.

ಡೇನಾ-ಫಾರ್ಬರ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳನ್ನು ಸವಾರರ ತಂಡಗಳಿಗೆ ಜೊತೆಗೂಡಿಸುವ ಪದ್ಧತಿಯಿದೆ. ದಾರಿಯ ಒಂದು ತಂಗುದಾಣದಲ್ಲಿ ಆ ಮಕ್ಕಳ ದೊಡ್ಡ ದೊಡ್ಡ ಫೋಟೊಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಕೂದಲು ಉದುರಿದ ತಲೆ, ಮುಂದಿನ ಹಲ್ಲಿಲ್ಲದ ನಗು. ಕೆಲವು ಮಕ್ಕಳು ತಾವೇ ಬಂದು ನಿಂತು ಸವಾರರ ಕೈ ತಟ್ಟುತ್ತಾರೆ. ಸಂಜೆ ಬೋರ್ನ್‌ನಲ್ಲಿ ಮಸಾಜ್ ಸಾಲು, ಊಟ, ಕ್ಯಾನ್ಸರ್ ಗೆದ್ದ ಸವಾರರೆಲ್ಲ ಒಟ್ಟಾಗಿ ತೆಗೆಸಿಕೊಳ್ಳುವ ಫೋಟೊ. ಮರುದಿನ ಕತ್ತಲಿರುವಾಗಲೇ ಬೋರ್ನ್ ಸೇತುವೆ ದಾಟಿದರೆ ಕೇಪ್ ಕಾಡ್. ಅಲ್ಲಿಂದ ಮರಳು ದಿಬ್ಬಗಳ ಪ್ರಾವಿನ್ಸ್‌ಟೌನ್‌ಗೆ ಅರ್ಧ ದಿನದ ದಾರಿ.

ಒಂದು ವರ್ಷ ನಮ್ಮ ಹುಡುಗನ ಫೋಟೊವನ್ನು ಬೆನ್ನಿಗೆ ಅಂಟಿಸಿಕೊಂಡು ತುಳಿಯುವ ಆಸೆಯಾಯಿತು. ಅವನೀಗ ಪಿಯುಸಿ ಓದುತ್ತಿದ್ದಾನೆ, ಮೀಸೆ ಚಿಗುರಿದೆ. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಮ್ಮ, ಹಾಕ್ಬೇಡ ಪ್ಲೀಸ್. ನನ್ನ ಫ್ರೆಂಡ್ಸ್‌ಗೆ ಯಾರಿಗೂ ಗೊತ್ತಿಲ್ಲ. ನನಗೇ ಅಷ್ಟು ನೆನಪಿಲ್ಲ” ಎಂದ. ಕೋಪವಿರಲಿಲ್ಲ, ಬೇಡಿಕೆಯಿತ್ತು. ಕ್ರಿಕೆಟ್ಟು, ಸಿಇಟಿ ಕೋಚಿಂಗು, ಹೊಸ ಫೋನು ಇವುಗಳಲ್ಲಿ ಮುಳುಗಿದ ಹುಡುಗನಿಗೆ ಆಸ್ಪತ್ರೆಯ ಹುಡುಗನಾಗಿ ಬದುಕುವ ಮನಸ್ಸಿಲ್ಲ. ನೂರಕ್ಕೂ ಮಿಕ್ಕಿ ವಾರ ನುಂಗಿದ ಮಾತ್ರೆಗಳು ಅವನಿಗೆ ಕೊಟ್ಟದ್ದು ಈ ಮರೆವನ್ನೂ ಸೇರಿಸಿ. ಅವನು ಮರೆಯಲಿ. ನೆನಪಿಟ್ಟುಕೊಳ್ಳುವ ಕೆಲಸ ದೊಡ್ಡವರದು. ಆ ವರ್ಷ ಬೆನ್ನಿನ ಮೇಲೆ 16 ಎಂದು ಮಾತ್ರ ಬರೆಸಿಕೊಂಡೆ.

ಬೋಸ್ಟನ್ನಿಗೇಕೆ ಕೊಡಬೇಕು?

ಕನ್ನಡದ ಗೆಳೆಯರು ಕೇಳುವ ಖಾರವಾದ ಪ್ರಶ್ನೆ ಇನ್ನೊಂದಿದೆ. “ಅಮೆರಿಕದ ಶ್ರೀಮಂತ ಸಂಸ್ಥೆಗೆ ಬೇಡಿ ಕೊಡುತ್ತೀಯಲ್ಲ, ನಮ್ಮ ಕಿದ್ವಾಯಿಗೆ ಯಾಕಿಲ್ಲ?” ನ್ಯಾಯವಾದ ಮಾತು. ಭಾರತದಲ್ಲಿ 2022ರಲ್ಲಿ 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳೆಂದು ಐಸಿಎಂಆರ್‌ನ ಕ್ಯಾನ್ಸರ್ ನೋಂದಣಿ ಯೋಜನೆ ಅಂದಾಜಿಸಿದೆ. ಬೆಂಗಳೂರಿನಲ್ಲಿ 1973ರಿಂದ ನಡೆಯುತ್ತಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರ್ನಾಟಕದವರಷ್ಟೇ ಅಲ್ಲ, ನೆರೆರಾಜ್ಯದವರೂ ಬರುತ್ತಾರೆ.

ನನ್ನ ಉತ್ತರ ಇಷ್ಟೆ. ಬೋಸ್ಟನ್ನಿನ ಒಂದು ಪ್ರಯೋಗಾಲಯದಲ್ಲಿ ಹುಟ್ಟಿದ ತಿಳಿವು ಬೋಸ್ಟನ್ನಿನಲ್ಲೇ ಉಳಿಯಲಿಲ್ಲ. ಕೆಲವೇ ರೂಪಾಯಿಯ ಮಾತ್ರೆಯಾಗಿ ಬೆಂಗಳೂರಿನ ಬಾಡಿಗೆ ಕೋಣೆಗೆ ಬಂತು. ಮುಂದಿನ ಮದ್ದು ಎಲ್ಲಿ ಹುಟ್ಟಿದರೂ ತಡವಾಗಿಯಾದರೂ ನಮ್ಮೂರಿಗೆ ಬರುತ್ತದೆ, ಹಾಗಾಗಿ ಸಂಶೋಧನೆಗೆ ಕೊಡುವುದು ಪರರಿಗೆ ಕೊಡುವುದಲ್ಲ. ಆದರೆ ಇಷ್ಟಕ್ಕೇ ಸಾಲ ತೀರುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಗುಣವಾದರೆ, ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಯಿಲೆ ತಡವಾಗಿ ತಿಳಿಯುವುದು, ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಇದಕ್ಕೆ ಮುಖ್ಯ ಕಾರಣಗಳು.

ನಡುವೆ ಬಿಡುವುದು ಹೇಗೆಂದು ನನ್ನ ತಂಗಿ ಕಣ್ಣಾರೆ ಕಂಡಿದ್ದಾಳೆ. ರಾಯಚೂರಿನ ಕಡೆಯ ಒಂದು ಕುಟುಂಬ ಅವಳ ಪಕ್ಕದ ಕೋಣೆಯಲ್ಲಿತ್ತು. ಔಷಧಕ್ಕೆ ಸರ್ಕಾರದ ನೆರವಿತ್ತು. ಬಾಡಿಗೆಗೆ, ಬಸ್ಸಿಗೆ, ತಪ್ಪಿದ ಕೂಲಿಗೆ ನೆರವಿರಲಿಲ್ಲ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದ ಇನ್ನೊಂದು ಮಗು ಫೋನಿನಲ್ಲಿ ಅಳುತ್ತಿತ್ತು. ಮೊದಲ ಹಂತದ ಕೀಮೊ ಮುಗಿದು ಮಗು ಆಡಲು ಶುರುಮಾಡಿದಾಗ ವಾಸಿಯಾಯಿತೆಂದು ಹೊರಟರು. ಉಳಿದ ಎರಡು ವರ್ಷದ ಮಾತ್ರೆಯೇ ಕಾಯಿಲೆ ಮರಳದಂತೆ ತಡೆಯುವುದೆಂದು ತಂಗಿ ಹೇಳಿದಳು. ಅವರು ಕೇಳಿಸಿಕೊಂಡರು, ಆದರೆ ಅವರ ಕೈಯಲ್ಲಿ ದಾರಿಯಿರಲಿಲ್ಲ. ಆದ್ದರಿಂದ ಇಲ್ಲಿ ಯಾತ್ರೆ ಮುಗಿದ ಮೇಲೆ ಪ್ರತಿವರ್ಷ ನನ್ನ ಸಂಬಳದಿಂದ ಬೇರೆಯೇ ಒಂದು ಪಾಲು ಬೆಂಗಳೂರಿಗೆ ಹೋಗುತ್ತದೆ. ಅಂಥ ಮನೆಗಳ ಬಾಡಿಗೆಗೆ, ಬಸ್ಸಿಗೆ. ಅದರ ಲೆಕ್ಕ ತಂಗಿಯೇ ಬರೆದಿಡುತ್ತಾಳೆ.

ಈ ಕೆಲಸಕ್ಕೆ ಸೈಕಲ್ಲೇ ಆಗಬೇಕೆಂದಿಲ್ಲ. ಕೀಮೊ ಪಡೆಯುವ ಮಗುವಿಗೆ ಪ್ಲೇಟ್‌ಲೆಟ್ ಪದೇಪದೇ ಬೇಕಾಗುತ್ತದೆ, ದಾನ ಮಾಡಿದ ಪ್ಲೇಟ್‌ಲೆಟ್ಟನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹಾಗಾಗಿ ಹೋದ ತಿಂಗಳು ಯಾರೋ ಕೊಟ್ಟದ್ದು ಈ ವಾರದ ಮಗುವಿಗೆ ಸಿಗದು. ಆರೋಗ್ಯವಾಗಿರುವ ವಯಸ್ಕರು ಹತ್ತಿರದ ರಕ್ತನಿಧಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿ ಬರಬಹುದು. ಬೆಂಗಳೂರಿನಲ್ಲಿ ಒಂದು ಕೋಣೆ ಖಾಲಿಯಿರುವವರು ಚಿಕಿತ್ಸೆಗೆ ಬಂದ ಕುಟುಂಬಕ್ಕೆ ಬಿಟ್ಟುಕೊಡಬಹುದು. ಇದಾವುದೂ ಆಗದಿದ್ದರೆ ಯಾರಾದರೂ ನನ್ನ ಹಾಗೆ ಕೈಚಾಚಿ ಬಂದಾಗ, ಯಾಕೆ ತುಳಿಯುತ್ತೀಯ ಎಂದು ಕೇಳಿ. ಹೇಳಲು ಅವರ ಹತ್ತಿರ ಒಂದು ಕಾರಣ ಇದ್ದೇ ಇರುತ್ತದೆ. ಕೇಳಿಸಿಕೊಂಡ ಮೇಲೆ ಕೈಲಾದಷ್ಟು ಕೊಡಿ.